‘ರಿವರ್ಟ್’ ಅಂದರೆ ಹಿಂತಿರುಗಬೇಕಾ, ಉತ್ತರ ಕೊಡಬೇಕಾ?

ಹೋದ ತಿಂಗಳು ಅಮ್ಮನಿಗೆ ಬ್ಯಾಂಕಿನಿಂದ ಒಂದು ಪತ್ರ ಬಂತು. ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಕನ್ನಡದ ಸಾಲು ಹೀಗಿತ್ತು: “ದಯವಿಟ್ಟು 7 ದಿನಗಳ ಒಳಗೆ ಆಧಾರ್ ಪ್ರತಿಯೊಂದಿಗೆ ಹಿಂತಿರುಗಿ.” ಅಮ್ಮ ಮಾರನೇ ದಿನವೇ ಆಧಾರ್ ಜೆರಾಕ್ಸ್ ಮಾಡಿಸಿಕೊಂಡು, ಬಸ್ಸು ಹತ್ತಿ ತಿಪಟೂರಿಗೆ ಹೋದರು. ಕೌಂಟರಿನಲ್ಲಿದ್ದ ಹುಡುಗಿ, “ನೀವ್ಯಾಕಮ್ಮ ಬರೋಕೆ ಹೋದ್ರಿ, ಪೋಸ್ಟಲ್ಲಿ ಕಳಿಸಿದ್ರೆ ಸಾಕಿತ್ತಲ್ಲ” ಅಂದಳಂತೆ. ಸಂಜೆ ಫೋನು ಮಾಡಿ ಅಮ್ಮ ನನ್ನನ್ನು ಕೇಳಿದರು: “ಹಿಂತಿರುಗಿ ಅಂತ ಬರೆದವ್ರೆ ಕಣಪ್ಪ. ಹಿಂತಿರುಗು ಅಂದ್ರೆ ವಾಪಸ್ ಬಾ ಅಂತ ತಾನೆ?”

ಅಮ್ಮ ಓದಿಕೊಂಡಿದ್ದು ಸರಿಯಾಗಿಯೇ ಇತ್ತು. ಪತ್ರದ ಫೋಟೋ ತರಿಸಿಕೊಂಡು ಇಂಗ್ಲಿಷ್ ಸಾಲು ನೋಡಿದೆ. ‘ಕೈಂಡ್ಲಿ ರಿವರ್ಟ್’ ಅಂತಿತ್ತು, ದಯವಿಟ್ಟು ಉತ್ತರ ಕಳಿಸಿ ಅನ್ನುವ ಅರ್ಥದಲ್ಲಿ. ಯಾರೋ ನಿಘಂಟು ನೋಡಿಯೋ ಕಂಪ್ಯೂಟರಿಗೆ ಕೊಟ್ಟೋ ಅದನ್ನು ‘ಹಿಂತಿರುಗಿ’ ಮಾಡಿದ್ದಾರೆ. ಅವತ್ತಿನಿಂದ ಈ ಪದ ನನ್ನ ತಲೆಯಲ್ಲೇ ಕೂತಿದೆ.

ನಿಘಂಟಿನ ಪ್ರಕಾರ ಆ ಕನ್ನಡ ತಪ್ಪೇನಲ್ಲ. ರಿವರ್ಟ್ ಲ್ಯಾಟಿನ್ನಿನಿಂದ ಬಂದದ್ದು. ‘ರೆ’ ಅಂದರೆ ಹಿಂದಕ್ಕೆ, ‘ವೆರ್ತೆರೆ’ ಅಂದರೆ ತಿರುಗು. ನಮ್ಮ ‘ಹಿಂತಿರುಗು’ ಕೂಡ ಅಷ್ಟೇ ಅಲ್ವಾ, ಹಿಂದೆ ಮತ್ತು ತಿರುಗು. ಎರಡು ಭಾಷೆಗಳು ಒಂದನ್ನೊಂದು ನೋಡದೆ ಒಂದೇ ರೀತಿ ಪದ ಕಟ್ಟಿಕೊಂಡಿವೆ. ಸಂಸ್ಕೃತದ ‘ವೃತ್’ ಧಾತುವಂತೂ ‘ವೆರ್ತೆರೆ’ಯ ನೆಂಟನೇ. ಆವರ್ತನ, ಪರಿವರ್ತನೆ, ನಿವೃತ್ತಿ ಎಲ್ಲ ಆ ಮನೆಯ ಮಕ್ಕಳು. ‘ಮರಳು’ ನನಗೆ ಇನ್ನೂ ಇಷ್ಟ. ಊರಿಗೆ ಮರಳುವುದೂ ಅದೇ, ಒಲೆಯ ಮೇಲೆ ಎಸರು ಮರಳುವುದೂ ಅದೇ. ಕುದಿಯುವ ನೀರು ಕೆಳಗಿನಿಂದ ಮೇಲಕ್ಕೆ ಹೊರಳುತ್ತಿರುತ್ತದೆ ನೋಡಿ.

ಇಂಗ್ಲಿಷಿನಲ್ಲಿ ಈ ಪದಕ್ಕೆ ಮೊದಲಿನಿಂದ ಇದ್ದ ಅರ್ಥ ಹಳೆಯ ಸ್ಥಿತಿಗೆ ಮರಳುವುದು. ಗುತ್ತಿಗೆ ಮುಗಿದ ಮೇಲೆ ಜಮೀನು ಒಡೆಯನಿಗೆ ರಿವರ್ಟ್ ಆಗುತ್ತದೆ. ಬಿಟ್ಟ ಚಟಕ್ಕೆ ಮತ್ತೆ ಬಿದ್ದವನೂ ರಿವರ್ಟ್ ಆದ ಹಾಗೆ. ಮಾತು ಎಲ್ಲೋ ಹೋಗಿ ಮೊದಲಿನ ವಿಷಯಕ್ಕೆ ಬಂದರೂ ಅದೇ ಪದ. ‘ಉತ್ತರ ಕೊಡಿ’ ಅನ್ನುವ ಅರ್ಥ ನಮ್ಮ ಕಡೆಯ ಇಂಗ್ಲಿಷಿನಲ್ಲಿ ಬೆಳೆದದ್ದು. ಆಕ್ಸ್‌ಫರ್ಡಿನ ಕಲಿಯುವವರ ನಿಘಂಟು ಕೂಡ ಅದನ್ನು ಇಂಡಿಯನ್ ಇಂಗ್ಲಿಷ್ ಅಂತ ಗುರುತು ಹಾಕಿ ಸೇರಿಸಿಕೊಂಡಿದೆ. ‘ಗೆಟ್ ಬ್ಯಾಕ್’ ಅಂದರೆ ಮರಳು ಅಂತಲೂ ಆಗುತ್ತೆ, ಆಮೇಲೆ ಉತ್ತರ ಹೇಳು ಅಂತಲೂ ಆಗುತ್ತೆ. ಆ ದಾರಿಯಲ್ಲೇ ರಿವರ್ಟ್ ಕೂಡ ಉತ್ತರದ ಕಡೆ ಹೊರಳಿತು ಅಂತ ನನ್ನ ಅನಿಸಿಕೆ. ಇದನ್ನು ತಪ್ಪು ಇಂಗ್ಲಿಷ್ ಅಂತ ಹೀಗಳೆಯುವುದು ನನಗೆ ಒಪ್ಪಿಗೆಯಿಲ್ಲ. ಇಷ್ಟು ಜನ ದಿನಾ ಬರೆದು, ಓದಿ, ಅರ್ಥ ಮಾಡಿಕೊಳ್ಳುತ್ತಿದ್ದಾರೆ ಅಂದ ಮೇಲೆ ಅದು ಬಳಕೆಯ ಅರ್ಥವೇ.

ಕಷ್ಟ ಇರುವುದು ಬೇರೆ ಕಡೆ. ನಮ್ಮಲ್ಲೇ ಈ ಪದಕ್ಕೆ ಒಬ್ಬೊಬ್ಬರ ಹತ್ತಿರ ಒಂದೊಂದು ಅರ್ಥ ಇದೆ. ನಮ್ಮ ದೊಡ್ಡಪ್ಪ ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ ಆಗಿದ್ದವರು. ಅವರ ಮುಂದೆ ರಿವರ್ಟ್ ಅಂದರೆ “ಯಾರಿಗೆ ರಿವರ್ಶನ್ ಆಯ್ತು?” ಅಂತ ಗಾಬರಿಯಿಂದ ಕೇಳುತ್ತಾರೆ. ಕಚೇರಿಗಳಲ್ಲಿ ಅದು ಕೆಳಗಿನ ಹುದ್ದೆಗೆ ಇಳಿಸುವುದು. 2017ರಲ್ಲಿ ಬಡ್ತಿ ಮೀಸಲಾತಿಯ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ನಮ್ಮ ಪತ್ರಿಕೆಗಳ ತುಂಬ ‘ಹಿಂಬಡ್ತಿ’ ಅನ್ನುವ ಪದವೇ ಇತ್ತು. ಎಷ್ಟು ಚೆನ್ನಾಗಿದೆ ನೋಡಿ. ಬಡ್ತಿ, ಮುಂಬಡ್ತಿ, ಹಿಂಬಡ್ತಿ. ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಕೆಲಸ ಮಾಡುವುದು ಸಾಫ್ಟ್‌ವೇರಿನಲ್ಲಿ. ಅಲ್ಲಿ ರಿವರ್ಟ್ ಅಂದರೆ ಮಾಡಿದ ಬದಲಾವಣೆಯನ್ನು ರದ್ದು ಮಾಡುವುದು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ‘ಗಿಟ್’ ಅನ್ನುವ ಸಾಧನದಲ್ಲಿ ಹಳೆಯದು ಅಳಿಸಿಯೂ ಹೋಗುವುದಿಲ್ಲ, ಅದನ್ನು ರದ್ದು ಮಾಡುವ ಹೊಸ ಬದಲಾವಣೆಯೊಂದು ಅದರ ಮೇಲೆ ಸೇರುತ್ತದೆ. ಹಿಂದೊಮ್ಮೆ ನಮ್ಮ ತಂಡಕ್ಕೆ ಒಂದು ಮೇಲ್ ಬಂತು: ನಿನ್ನೆಯ ಬದಲಾವಣೆ ನೋಡಿ, ಪ್ಲೀಸ್ ರಿವರ್ಟ್. ಬರೆದವರಿಗೆ ಬೇಕಾಗಿದ್ದು ಅಭಿಪ್ರಾಯ. ಹೊಸದಾಗಿ ಸೇರಿದ್ದ ಹುಡುಗ ಒಂದು ದಿನದ ಕೆಲಸವನ್ನು ಪೂರ್ತಿ ರದ್ದು ಮಾಡಿ, “ಡನ್ ಸರ್” ಅಂತ ಉತ್ತರ ಬರೆದ. ಅವನ ಮುಖ ಸಣ್ಣದಾಗಿದ್ದು ಇನ್ನೂ ನೆನಪಿದೆ. ಅವನ ತಪ್ಪು ಏನೂ ಇರಲಿಲ್ಲ.

‘ರಿವರ್ಟ್ ಬ್ಯಾಕ್’ ಬಗ್ಗೆಯೂ ಕೆಲವರಿಗೆ ಸಿಟ್ಟು. ‘ರಿ’ ಅಂದರೇನೇ ಹಿಂದಕ್ಕೆ, ಮತ್ತೆ ಬ್ಯಾಕ್ ಯಾಕೆ ಅಂತ. ನಾವೂ ‘ಮತ್ತೆ ಪುನಃ’ ಅಂತೀವಿ, ‘ವಾಪಸ್ ಹಿಂದಿರುಗಿದೆ’ ಅಂತಲೂ ಬರೆಯುತ್ತೇವೆ. ಅದನ್ನು ಅಲ್ಲಿಗೇ ಬಿಡೋಣ.

ಕನ್ನಡದಲ್ಲಿ ಉತ್ತರಕ್ಕೇನು ಬರವೇ? ಜವಾಬು ಇದೆ, ಮಾರುತ್ತರ ಇದೆ. ಹಳಗನ್ನಡದ ಮಾರ್ನುಡಿ ಇದೆ. ಆ ‘ಮಾರ್’ ಮಾರ್ದನಿಯಲ್ಲೂ ಇದೆ. ಕೂಗಿದ ದನಿ ಬೆಟ್ಟಕ್ಕೆ ಬಡಿದು ನಮ್ಮ ಕಡೆಗೇ ಬರುತ್ತದಲ್ಲ, ಮರಳುವುದೂ ಉತ್ತರಿಸುವುದೂ ಅಲ್ಲಿ ಒಂದಾಗಿವೆ. ಹಳೆಯ ಕಾಗದಗಳಲ್ಲಿ ‘ಮರುಟಪಾಲಿಗೆ ಉತ್ತರ ಬರೆಯಿರಿ’ ಅಂತ ಇರುತ್ತಿತ್ತು. ಮರಳಿ ಬರಬೇಕಾದದ್ದು ಟಪಾಲು, ಓದಿದವರಲ್ಲ ಅನ್ನುವುದು ಅದರಲ್ಲಿ ಸ್ಪಷ್ಟ.

ಅದಕ್ಕೇ ನನ್ನ ಮಾತು ಇಷ್ಟು: ಇಂಗ್ಲಿಷಿನಲ್ಲಿ ರಿವರ್ಟ್ ಬರೆಯುವವರು ಬರೆಯಲಿ, ಅದನ್ನು ಕನ್ನಡಕ್ಕೆ ತರುವವರು ಮಾತ್ರ ಏನು ಬೇಕೋ ಅದನ್ನೇ ಬರೆಯಲಿ. ಕಳಿಸಿ, ತಿಳಿಸಿ, ಉತ್ತರ ಬರೆಯಿರಿ. ಆ ಬ್ಯಾಂಕಿನ ಶಾಖೆಗೂ ಕಾಗದ ಬರೆದಿದ್ದೇನೆ. ಆ ಸಾಲು ಹೀಗಿದ್ದರೆ ಸಾಕು ಅಂದಿದ್ದೇನೆ: “ಆಧಾರ್ ಪ್ರತಿಯನ್ನು 7 ದಿನಗಳ ಒಳಗೆ ಅಂಚೆಯಲ್ಲಿ ಕಳಿಸಿ. ನೀವು ಬ್ಯಾಂಕಿಗೆ ಬರಬೇಕಾಗಿಲ್ಲ.”

ಧಾರವಾಡದ ಕಡೆಯವರಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ ‘ಹೊಳ್ಳಿ ಬಾ’ ಅಂದರೆ ವಾಪಸ್ ಬಾ ಅಂತ. ‘ಹೊಳ್ಳಿ ಬರಿ’ ಅಂದರೆ ಮತ್ತೊಮ್ಮೆ ಬರಿ ಅಂತಲೇ ಕೇಳಿಸುತ್ತದಾ, ಇಲ್ಲ ಉತ್ತರ ಬರಿ ಅಂತಲೂ ಆಗುತ್ತದಾ?