ಕೋಟೆಯಿಲ್ಲದ ಕೊಚ್ಚಿಯಲ್ಲಿ ನಿಧಿ ಶೋಧ

"ನಿಧಿ ಸಿಕ್ಕಿತೇ?" ವಿಶ್ವ ಚಪ್ಪಲಿ ಬಿಡುವ ಮೊದಲೇ ರಾಯರು ಕೇಳಿದರು.

ವಿಶ್ವ ಸಂಸಾರ ಸಮೇತ ಫೋರ್ಟ್ ಕೊಚ್ಚಿಗೆ ಹೋಗಿ ಬಂದಿದ್ದ. ಈಗ ಊರು ಸುಮ್ಮನೆ ನೋಡುವಂತಿಲ್ಲವಲ್ಲ, ನಿಧಿ ಶೋಧದ ನಡಿಗೆ ಮಾಡಬೇಕು. ಮೊಬೈಲಿಗೆ ಸುಳಿವು ಬರುತ್ತದೆ, ಮನೆಮಂದಿಯೆಲ್ಲ ಬೀದಿ ಬೀದಿ ಓಡಿ ಉತ್ತರ ಹುಡುಕುತ್ತಾರೆ.

"ಪ್ರಮಾಣಪತ್ರ ಸಿಕ್ಕಿತು," ಎಂದ ವಿಶ್ವ.

"ನಮ್ಮ ಕಡೆ ನಿಧಿಗೆ ಹೊರಟವರು ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ ಹಿಡಿದು ಹೋಗುತ್ತಾರೆ. ಸಿಕ್ಕರೆ ಚಿನ್ನ, ಸಿಕ್ಕಿಬಿದ್ದರೆ ಠಾಣೆ. ಎರಡರಲ್ಲೂ ಒಂದು ಗಾಂಭೀರ್ಯವಿದೆ. ಹಾಡುಹಗಲೇ ದುಡ್ಡು ತೆತ್ತು, ಹೆಂಡತಿ ಮಕ್ಕಳನ್ನು ಓಡಿಸಿ, ಕಾಗದ ತರುವ ನಿಧಿಗಳ್ಳನನ್ನು ಇದೇ ಮೊದಲು ನೋಡಿದ್ದು."

"ಮಕ್ಕಳು ಇತಿಹಾಸ ಕಲಿಯುತ್ತಾರೆ ಬಿಡಿ ರಾಯರೇ," ಎಂದರು ಸೀತಕ್ಕ.

"ಕಲಿಯಲಿ. ಮೊದಲ ಸುಳಿವು ಏನಿತ್ತು?"

"ಕೋಟೆ."

"ಪೋರ್ಚುಗೀಸರು ಕಟ್ಟಿದ ಕೋಟೆಯನ್ನು ಡಚ್ಚರು ಕಿತ್ತುಕೊಂಡರು, ಇಂಗ್ಲಿಷರು 1806ರಲ್ಲಿ ಕೆಡವಿ ಹಾಕಿದರು. ಅಲ್ಲಲ್ಲಿ ಒಂದಿಷ್ಟು ಗೋಡೆ ಬಿಟ್ಟರೆ ಕೋಟೆ ಇರುವುದು ಊರಿನ ಹೆಸರಿನಲ್ಲಿ ಮಾತ್ರ. ಎರಡನೆಯದು?"

"ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮಾನ ಸಮಾಧಿ."

"ಅದೂ ಖಾಲಿ. 1524ರಲ್ಲಿ ಹೂತರು, ಆಮೇಲೆ ಅಗೆದು ಪೋರ್ಚುಗಲ್ಲಿಗೆ ಒಯ್ದರು. ನಮ್ಮ ಮೆಣಸನ್ನಷ್ಟೇ ಅಲ್ಲ, ತಮ್ಮ ಹೆಣವನ್ನೂ ಬಿಡದೆ ಸಾಗಿಸಿದ ಜನ! ಮೂರನೆಯದು?"

"ಮಟ್ಟಾಂಚೇರಿಯ ಡಚ್ ಅರಮನೆ." ವಿಶ್ವನ ದನಿ ತಗ್ಗಿತ್ತು.

"1555ರಲ್ಲಿ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ರಾಜನಿಗೆ ಕೊಟ್ಟದ್ದು. ಡಚ್ಚರು ದುರಸ್ತಿ ಮಾಡಿಸಿದರು, ಅಷ್ಟೇ. ಸುಣ್ಣ ಬಳಿಸಿದವನ ಹೆಸರಿಗೆ ಮನೆಯ ಖಾತೆ!"

ಪೈಗಳಿಗೆ ಮಟ್ಟಾಂಚೇರಿ ಎಂದರೆ ಸಾಕು. "ನಮ್ಮವರು ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ಓಡಿಹೋಗಿ ನೆಲೆನಿಂತದ್ದು ಅಲ್ಲಿಯೇ."

"ಪೋರ್ಚುಗೀಸರಿಗೆ ಹೆದರಿ ಪೋರ್ಚುಗೀಸರ ಪಕ್ಕಕ್ಕೇ?"

"ರಾಜನ ಆಶ್ರಯವಿತ್ತು ಸ್ವಾಮಿ! ಇವತ್ತಿಗೂ ಅಲ್ಲಿ ಕೊಂಕಣಿ ಕೇಳಿಸುತ್ತದೆ. ಒಣಶುಂಠಿ ತಂದೆಯೇನೋ ವಿಶ್ವ?"

ತಂದಿರಲಿಲ್ಲ. ಶುಂಠಿ ಸುಳಿವಿನಲ್ಲಿ ಇರಲಿಲ್ಲವಂತೆ.

"ಚೀನೀ ಬಲೆಯನ್ನಾದರೂ ನೋಡಿದೆಯೋ ಇಲ್ಲವೋ?" ಎಂದರು ರಾಯರು.

"ಹಗ್ಗಕ್ಕೆ ಕಟ್ಟಿದ ಕಲ್ಲುಗಳೆಷ್ಟು ಎಂಬ ಪ್ರಶ್ನೆಯಿತ್ತು. ಎಣಿಸಿದೆವು."

"ಮೀನು ಬಿತ್ತೇ?"

"ಅಷ್ಟು ಹೊತ್ತು ಎಲ್ಲಿತ್ತು? ಸಮಯ ಮೀರುತ್ತಿತ್ತು."

"ನಾನು ನೋಡಿದೆ," ಎಂದ ಪುಟ್ಟ. ನಾಲ್ಕೈದು ಜನ ಹಗ್ಗ ಜಗ್ಗಿದರಂತೆ. ಕಲ್ಲುಗಳು ಸಾಲಾಗಿ ಕೆಳಗಿಳಿದಂತೆ ಅತ್ತ ಬಲೆ ನೀರು ಸುರಿಸುತ್ತ ಮೇಲೆದ್ದಿತಂತೆ. ಒಳಗೆ ಕೈಬೆರಳಷ್ಟುದ್ದದ ಮೀನುಗಳು, ಒಂದು ಹವಾಯಿ ಚಪ್ಪಲಿ. ಚಪ್ಪಲಿಯನ್ನು ಒಬ್ಬಾತ ತನ್ನ ಕಾಲಿಗೆ ಅಳತೆ ನೋಡಿ ಮತ್ತೆ ನೀರಿಗೆಸೆದನಂತೆ.

"ಭೇಷ್! ನಿಧಿ ಸಿಕ್ಕಿದ್ದು ಇವನೊಬ್ಬನಿಗೇ," ಎಂದರು ರಾಯರು.

ಪುಟ್ಟ ಇನ್ನೂ ಮುಗಿಸಿರಲಿಲ್ಲ. "ಕೊನೆಯ ಸುಳಿವು ಯಹೂದಿ ಬೀದಿಯಲ್ಲಿತ್ತು ತಾತ. ಗೋಪುರದ ಗಡಿಯಾರದಲ್ಲಿ ಹೀಬ್ರೂ ಅಂಕಿ ಹುಡುಕಬೇಕಿತ್ತು, ಹುಡುಕಿದೆವು. ಆದರೆ ಅಲ್ಲಿ ಬರೀ ಅಂಗಡಿಗಳು. ಯಹೂದಿಗಳು ಎಲ್ಲಿ ಎಂದು ಕೇಳಿದೆ. ಅಪ್ಪ, ಅದು ಪ್ರಶ್ನೆಯಲ್ಲಿಲ್ಲ, ನಡೆ ಎಂದರು."

ರಾಯರು ಗೇಲಿ ಮಾಡಲಿಲ್ಲ. "1948ರಲ್ಲಿ ಇಸ್ರೇಲ್ ಆಯಿತಲ್ಲ ಮರಿ, ಹೆಚ್ಚಿನವರು ಅಲ್ಲಿಗೆ ಹೋದರು. 1568ರ ಪ್ರಾರ್ಥನಾಮಂದಿರ ಉಳಿಯಿತು. ಚೀನಾದಿಂದ ತರಿಸಿದ ಹಾಸುಬಿಲ್ಲೆಗಳಿವೆ, ಕೈಯಲ್ಲಿ ಚಿತ್ರ ಬರೆದವು. ಪ್ರಾರ್ಥನೆಗೆ ಹತ್ತು ಗಂಡಸರು ಸೇರಬೇಕೆಂಬ ನಿಯಮ ಅವರದು. ಹತ್ತು ಜನ ಎಲ್ಲಿಂದ ಬರಬೇಕು?"

ಸೀತಕ್ಕ ಮಾತು ಬದಲಿಸಿದರು. "ಇಷ್ಟೆಲ್ಲ ಆಡಿಕೊಳ್ಳುತ್ತೀರಿ. ಬರುವ ಭಾನುವಾರ ನಮ್ಮ ಬೆಂಗಳೂರಿನಲ್ಲೇ ಒಂದು ನಡಿಗೆ ಮಾಡೋಣ, ಸುಳಿವುಗಳನ್ನು ನೀವೇ ಬರೆಯಿರಿ."

ರಾಯರು ಕನ್ನಡಕ ಏರಿಸಿದರು. "ಬರೆದುಕೊ ಪುಟ್ಟ. ಒಂದು, ಧರ್ಮಾಂಬುಧಿ ಕೆರೆ. ಮೆಜೆಸ್ಟಿಕ್‌ನಲ್ಲಿ ಬಸ್ಸುಗಳ ಸಂದಿಯಲ್ಲಿ ಹುಡುಕಬೇಕು. ಎರಡು, ಸಂಪಂಗಿ ಕೆರೆ. ಈಜು ಬಾರದವರೂ ಧೈರ್ಯವಾಗಿ ಇಳಿಯಬಹುದು, ಕಂಠೀರವ ಕ್ರೀಡಾಂಗಣದಲ್ಲಿ ಈಗ ಓಟದ ಪಂದ್ಯವೇ ನಡೆಯುತ್ತದೆ."

"ಗೆದ್ದವರಿಗೆ ಪ್ರಮಾಣಪತ್ರ ಯಾರು ಕೊಡುತ್ತಾರೆ?" ಎಂದ ವಿಶ್ವ.

"ಕೆರೆ ನುಂಗಿದವರೇ ಸಹಿ ಹಾಕಿ ಕೊಡಲಿ."