ಸೊಂಟನೋವಿಗೆ ಅಕ್ಯುಪಂಕ್ಚರ್ ನಂಬಬಹುದೇ?

ಪ್ರಶ್ನೆ (ಬದಿಯಡ್ಕ): ಅಡಿಕೆ ಸುಲಿಯಲು ಕೂತರೆ ಅಮ್ಮ ಗೋಡೆ ಹಿಡಿದೇ ಏಳಬೇಕು. ಪೇಟೆಯಲ್ಲೊಬ್ಬರು ಸೂಜಿ ಚುಚ್ಚಿ ‘ಚೀ’ (ಚೀನೀ ವೈದ್ಯದ ಪ್ರಕಾರ ದೇಹದಲ್ಲಿ ಹರಿಯುವ ಜೀವಶಕ್ತಿ) ಶಕ್ತಿಯ ತಡೆ ಬಿಡಿಸುತ್ತೇವೆ, ಮಾತ್ರೆ ಬಿಡಿ ಎನ್ನುತ್ತಾರೆ. ಹೋಗಬಹುದೇ?

ಉತ್ತರ (ಫಿಸಿಯೋಥೆರಪಿಸ್ಟ್, ಪೆರ್ಲ): ‘ಚೀ’ ಹರಿಯುವ ದಾರಿ ದೇಹದಲ್ಲಿ ಯಾರಿಗೂ ಸಿಕ್ಕಿಲ್ಲ. ಆದರೆ ಕೆಲವರಿಗೆ ನೋವು ತಗ್ಗುವುದು ನಿಜ. ಜರ್ಮನಿಯಲ್ಲಿ ಸೊಂಟನೋವಿನ 1162 ಮಂದಿಯ ಮೇಲೆ ನಡೆದ ಅಧ್ಯಯನ 2007ರಲ್ಲಿ ಬಂತು. ಅಕ್ಯುಪಂಕ್ಚರ್‌ನವರು ಹೇಳುವ ಬಿಂದುಗಳಲ್ಲೇ ಚುಚ್ಚಿದಾಗ ಶೇ. 47.6 ಮಂದಿಗೆ ಗುಣ ಕಂಡಿತು. ಬಿಂದು ತಪ್ಪಿಸಿ, ಆಳಕ್ಕಿಳಿಸದೆ ಚರ್ಮದ ಮೇಲ್ಭಾಗದಲ್ಲಷ್ಟೇ ಚುಚ್ಚಿದರೂ ಶೇ. 44.2! ಮಾಮೂಲಿ ಚಿಕಿತ್ಸೆಗೆ ಶೇ. 27.4. ಹಾಗಾಗಿ ಬಿಂದುವಿನ ಕಥೆ ನಂಬಬೇಡಿ. ಡಾಕ್ಟರರನ್ನು ಕೇಳದೆ ಮಾತ್ರೆ ಖಂಡಿತ ನಿಲ್ಲಿಸಬೇಡಿ.

ಇನ್ನೊಂದು ಉತ್ತರ (ಮುಳ್ಳೇರಿಯ): ಹೋಗುವುದಾದರೆ ಹೊಸ ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಯಲಿ. ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ.

ಬದಿಯಡ್ಕ: ಅಮ್ಮನಿಗೆ ಕಾಲೂ ಜೋಮು ಹಿಡಿಯುತ್ತದೆ.

ಪೆರ್ಲ: ಹಾಗಾದರೆ ಸೂಜಿ ಆಮೇಲೆ, ಮೊದಲು ಮೂಳೆ ಡಾಕ್ಟರರಿಗೆ ತೋರಿಸಿ.