ಮಕ್ಕಳ ಕೋಣೆಗೆ ಗೋಡೆಗೆ ಸೇರಿಸಿ ಬಂಕ್ ಬೆಡ್: 60 ಸಾವಿರದಲ್ಲಿ ಮುಗಿಯಬಹುದಾ?

ನೀರ್ಚಾಲಿನ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕೆಂಪುಕಲ್ಲಿನ ಮನೆ, ಮೇಲೆ ತಾರಸಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದೂವರೆ. ಇಬ್ಬರಿಗೂ ಸೇರಿ ಒಂದೇ ಕೋಣೆ, 10 ಅಡಿಗೆ 11 ಅಡಿ. ಎರಡು ಮಂಚ ಹಾಕಿದರೆ ಓದುವ ಮೇಜಿಗೆ ಜಾಗ ಉಳಿಯುವುದಿಲ್ಲ. ಮಗಳು ಈಗ ಊಟದ ಮೇಜಿನಲ್ಲಿ ಕೂತು ಬರೆಯುತ್ತಾಳೆ. ಊಟದ ಹೊತ್ತಿಗೆ ಪುಸ್ತಕ ಎಲ್ಲ ಎತ್ತಿಡಬೇಕು. ಅದನ್ನು ನೋಡುವಾಗ ಬೇಜಾರಾಗುತ್ತದೆ.

ಹಾಗಾಗಿ ಪಶ್ಚಿಮದ ಗೋಡೆಗೆ ಸೇರಿಸಿ ಬಂಕ್ ಬೆಡ್, ಅಂದರೆ ಒಂದರ ಮೇಲೊಂದು ಇರುವ ಮಂಚ, ಮಾಡಿಸುವ ಯೋಚನೆ. ಮಂಗಳೂರಿನ ಒಂದು ಇಂಟೀರಿಯರ್ ಅಂಗಡಿಯಲ್ಲಿ ಕೇಳಿದೆವು. ಕೆಳಗೆ ಡ್ರಾಯರ್, ಪಕ್ಕದಲ್ಲಿ ಮೆಟ್ಟಿಲು ಎಲ್ಲ ಸೇರಿ 1,35,000 ಅಂದರು. ನಮ್ಮ ಕೈಲಿರುವುದು 60 ಸಾವಿರ. ಊರಿನ ಆಚಾರಿಯವರು ಮರ ನಾವು ಕೊಟ್ಟರೆ ಕೂಲಿ 28 ಸಾವಿರ ಆದೀತು ಎಂದಿದ್ದಾರೆ.

ಮರ ಉಂಟು. ಕಳೆದ ಆಟಿ ತಿಂಗಳ ಮಳೆಗಾಳಿಗೆ ಹಿತ್ತಿಲಿನ ಹಲಸಿನ ಮರ ಬಿತ್ತು. ಅತ್ತೆ ಮದುವೆಯಾಗಿ ಬಂದಾಗಲೇ ಇದ್ದ ಮರ. ಸೌದೆಗೆ ಕೊಡಲು ಅವರು ಒಪ್ಪಲಿಲ್ಲ. ದೀಪಾವಳಿ ಸಮಯದಲ್ಲಿ ಮಿಲ್ಲಿನಲ್ಲಿ ಕೊಯ್ಯಿಸಿ ಹಲಗೆ ಮಾಡಿ ಕೊಟ್ಟಿಗೆಯಲ್ಲಿ ಇಟ್ಟಿದ್ದೇವೆ, 14 ಸಿಎಫ್‌ಟಿ (ಘನ ಅಡಿ). ಏಪ್ರಿಲ್ ರಜೆಗೆ ನಾದಿನಿಯ ಮಕ್ಕಳು ಬರುವ ಮೊದಲು ಕೆಲಸ ಮುಗಿಸಬೇಕು ಅಂತ ಆಸೆ. ಈ ಮರ ಸಾಕಾ? ಅಥವಾ ಪ್ಲೈವುಡ್ಡೇ ಒಳ್ಳೆಯದಾ? ಮಾಡಿಸಿದವರು ದಯವಿಟ್ಟು ಲೆಕ್ಕ ಬಿಡಿಸಿ ಹೇಳಿ.

ಉಪ್ಪಳದ ಅಣ್ಣ:

ಅಕ್ಕ, ನಾವು ಹೋದ ವರ್ಷ ಪ್ಲೈವುಡ್‌ನಲ್ಲಿ ಮಾಡಿಸಿದೆವು. ಡೈರಿಯಲ್ಲಿ ಬರೆದಿಟ್ಟದ್ದು ಹೇಳುತ್ತೇನೆ. 19 ಎಂಎಂ ಮರೈನ್ ಪ್ಲೈ, 8 ಅಡಿಗೆ 4 ಅಡಿಯ ಹಾಳೆ ಐದು ಬೇಕಾಯಿತು. ಚದರ ಅಡಿಗೆ 110 ರೂಪಾಯಿ, ಒಟ್ಟು 17,600. ಮೈಕಾ 10 ಸಾವಿರ. ಚಾನೆಲ್, ಹಿಂಜಸ್, ಸ್ಕ್ರೂ, ಅಂಟು ಎಲ್ಲ 9 ಸಾವಿರ. ಇಬ್ಬರು ಹತ್ತು ದಿನ ಕೆಲಸ ಮಾಡಿದರು, ದಿನಕ್ಕೆ ತಲಾ 1,300ರಂತೆ 26 ಸಾವಿರ. ಅಲ್ಲಿಗೆ 62,600.

ಇದರಲ್ಲಿ ಹಾಸಿಗೆ ಸೇರಿಲ್ಲ! ನಾನು ಆ ಲೆಕ್ಕವನ್ನೇ ಬಿಟ್ಟಿದ್ದೆ. ಎರಡು ಹಾಸಿಗೆಗೆ 11 ಸಾವಿರ, ಗೋಡೆ ಫ್ಯಾನ್ ಮತ್ತು ವಯರಿಂಗ್‌ಗೆ 4,500, ಗಾಡಿ ಬಾಡಿಗೆ 1,500. ಕೊನೆಗೆ 79,600 ಆಯಿತು. ನೀವು ಮೊದಲೇ 17 ಸಾವಿರ ಬದಿಗಿಟ್ಟು ಉಳಿದದ್ದರಲ್ಲಿ ಮಂಚದ ಯೋಚನೆ ಮಾಡಿ.

ಪ್ಲೈ ಕೊಳ್ಳುವಾಗ ಹಾಳೆಯ ಮೇಲೆ ಐಎಸ್ 710 (ಮರೈನ್ ಪ್ಲೈಯ ಭಾರತೀಯ ಮಾನಕ) ಎಂದು ಮುದ್ರೆ ಇದೆಯಾ ನೋಡಿ. ತಲಪಾಡಿ ಗಡಿ ದಾಟಿ ಕರ್ನಾಟಕದಿಂದ ತಂದರೆ ತೆರಿಗೆ ಕಡಿಮೆ ಎಂದು ಕೆಲವರು ಹೇಳುತ್ತಾರೆ. ಹಾಗೇನಿಲ್ಲ, ಜಿಎಸ್‌ಟಿ ಎರಡೂ ಕಡೆ ಒಂದೇ. ಬಾಡಿಗೆ ಮಾತ್ರ ಜಾಸ್ತಿ ಬೀಳುತ್ತದೆ.

ಕುಂಬಳೆಯ ಮರಗೆಲಸದವ:

ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುವವನು. ಅಕ್ಕ, ಒಂದು ಬಂಕ್ ಬೆಡ್‌ಗೆ ಕೊಯ್ದ ಮರ 10 ಸಿಎಫ್‌ಟಿ ಸಾಕು. ನಿಮ್ಮ ಹತ್ತಿರ ಧಾರಾಳ ಉಂಟು. ಆದರೆ ಮರ ಒಣಗಿಲ್ಲ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ನಮ್ಮ ಲೆಕ್ಕ. ಹಸಿ ಮರದಲ್ಲಿ ಕಂಬ ಮಾಡಿದರೆ ಬೇಸಿಗೆಯಲ್ಲಿ ತಿರುಚುತ್ತದೆ, ಕೂಡಿಸಿದ ಜಾಗ ಸಡಿಲ ಆಗುತ್ತದೆ. ಮೇಲೆ ಮಗು ಮಲಗುವ ಮಂಚ ಅಲ್ವಾ, ಇದರಲ್ಲಿ ಅವಸರ ಬೇಡ.

ಏಪ್ರಿಲ್‌ಗೇ ಬೇಕಾದರೆ ಒಂದು ದಾರಿ ಉಂಟು. ಹಂಚಿನ ಮನೆ ಕಳಚಿದ ಹಳೆ ಮರ ನಮ್ಮ ಕಡೆ ಮಾರಾಟಕ್ಕೆ ಸಿಗುತ್ತದೆ. ಹಳೆ ಹೆಬ್ಬಲಸಿನ (ಕಾಡು ಹಲಸಿನ) ತೊಲೆ ಸಿಕ್ಕಿದರೆ ಕಂಬ, ಅಡ್ಡಪಟ್ಟಿ ಅದರಲ್ಲೇ ಮಾಡಿಸಿ. ಹತ್ತಾರು ವರ್ಷ ಒಣಗಿದ ಮರ, ಇನ್ನು ಅಲುಗುವುದಿಲ್ಲ. ಮೊಳೆ ಇದ್ದರೆ ಕಿತ್ತು ಕೊಡಲು ಹೇಳಿ. ನಿಮ್ಮ ಹಲಸನ್ನು ಮುಂದಿನ ವರ್ಷ ಓದುವ ಮೇಜಿಗೆ ಇಡಿ. ಒಳಗಿನ ಗಟ್ಟಿ ಭಾಗ, ಕೆಚ್ಚು ಮಾತ್ರ ಬಳಸಿ. ಹೊರಗಿನ ಬಿಳಿ ಭಾಗಕ್ಕೆ ಹುಳ ಬೇಗ ಹಿಡಿಯುತ್ತದೆ.

ಇನ್ನೊಂದು ಮಾತು, ಗೋಡೆಯದ್ದು. ಕೆಂಪುಕಲ್ಲಿನೊಳಗೆ ತೂತು ತೂತು ಇರುತ್ತದೆ. ಆಂಕರ್ ಬೋಲ್ಟು ಹಾಕಿದ ದಿನ ಗಟ್ಟಿ ಕಾಣುತ್ತದೆ, ದಿನಾ ಮಕ್ಕಳು ಹತ್ತಿ ಇಳಿದರೆ ಪುಡಿ ಉದುರಿ ಸಡಿಲ ಆಗುತ್ತದೆ. ಮಂಚದ ಭಾರ ಪೂರ್ತಿ ನಾಲ್ಕು ಕಂಬದ ಮೇಲೆ ನೆಲಕ್ಕೆ ಬರಬೇಕು. ಗೋಡೆಗೆ ಎರಡು ಕಡೆ ಅಲುಗದ ಹಾಗೆ ಹಿಡಿತ ಕೊಟ್ಟರೆ ಸಾಕು.

ಪಶ್ಚಿಮದ ಗೋಡೆ ಎಂದಿದ್ದೀರಿ. ನಮ್ಮ ಮಳೆಗಾಲಕ್ಕೆ ಆ ಗೋಡೆ ಬೆವರುತ್ತದೆ. ಸಾಧ್ಯವಾದರೆ ಒಳಗೋಡೆಗೆ ಇಡಿ. ಆಗದಿದ್ದರೆ ಎರಡು ಇಂಚು ಅಂತರ ಬಿಡಿ. ಹಾಸಿಗೆಯ ಕೆಳಗೆ ಇಡೀ ಪ್ಲೈ ಹಾಳೆ ಬೇಡ, ಗಾಳಿ ಆಡದೆ ಹಾಸಿಗೆಗೆ ಬೂಸ್ಟು ಬರುತ್ತದೆ. ಮರದ ಪಟ್ಟಿ ಹಾಕಿಸಿ, ನಡುವೆ ಎರಡೂವರೆ ಇಂಚು ಬಿಡಿ. ಗೆದ್ದಲಿಗೆ ಎಂದು ಕೆಲವರು ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುತ್ತಾರೆ. ಮಾಡಿನ ಪಕ್ಕಾಸಿಗೆ ಸರಿ, ಮಂಚಕ್ಕೆ ಬೇಡ. ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ.

ಮುಳ್ಳೇರಿಯದ ಟೀಚರ್:

ಹಣದ ವಿಷಯ ಎಲ್ಲರೂ ಹೇಳಿದ್ದಾರೆ. ನಾನು ಮಕ್ಕಳ ವಿಷಯ ಹೇಳುತ್ತೇನೆ. ನಿಮ್ಮ ಮಗನನ್ನು ಈಗಲೇ ಮೇಲೆ ಮಲಗಿಸಬೇಡಿ. ಆರು ವರ್ಷ ತುಂಬದ ಮಕ್ಕಳಿಗೆ ಮೇಲಿನ ಮಂಚ ಬೇಡ ಅಂತ ಅಮೆರಿಕ, ಯುರೋಪಿನ ಸುರಕ್ಷತಾ ನಿಯಮಗಳಲ್ಲೂ ಇದೆ. ಮಗು ಬೀಳದ ಹಾಗೆ ತಡೆಯುವ ಮೇಲಿನ ಕಟಕಟೆ ಹಾಸಿಗೆಯಿಂದ ಕಡಿಮೆಯೆಂದರೆ 5 ಇಂಚು ಎತ್ತರ ಇರಬೇಕು ಅಂತ ಅಮೆರಿಕದ ನಿಯಮ. ಅಳತೆಯನ್ನು ಹಾಸಿಗೆ ಹಾಕಿದ ಮೇಲೆ ನೋಡಬೇಕು, ಬರೀ ಹಲಗೆಯಿಂದ ಅಲ್ಲ. ನನ್ನ ತಂಗಿ ಮನೆಯಲ್ಲಿ ಕಟಕಟೆ ಸರಿಯಾಗಿಯೇ ಇತ್ತು. ಆಮೇಲೆ 8 ಇಂಚಿನ ಹಾಸಿಗೆ ತಂದರು, ಕಟಕಟೆ ಅದರಲ್ಲೇ ಮುಳುಗಿ ಹೋಯಿತು. ಮೇಲಿನದಕ್ಕೆ 4 ಇಂಚಿನ ಹಾಸಿಗೆ ಸಾಕು.

ಕಟಕಟೆಯ ಸಂದಿನಲ್ಲಿ ಮಗುವಿನ ತಲೆ ನುಗ್ಗಬಾರದು. ಮೂರು ಇಂಚಿಗಿಂತ ಜಾಸ್ತಿ ಬಿಡಬೇಡಿ.

ಮತ್ತೆ ಸೀಲಿಂಗ್ ಫ್ಯಾನ್! ನಿಮ್ಮ ಕೋಣೆಯ ಎತ್ತರ ಎಷ್ಟು? ಮೇಲಿನ ಹಾಸಿಗೆ 5 ಅಡಿಯಲ್ಲಿ ಇದ್ದು, 4 ಅಡಿಯ ಮಗಳು ಎದ್ದು ನಿಂತರೆ ತಲೆ 9 ಅಡಿಗೆ ಬಂತು. ಕೈ ಎತ್ತಿದರೆ ಏನು ಗತಿ ನೋಡಿ. ಮಂಚಕ್ಕೂ ಮೊದಲು ಫ್ಯಾನಿನ ಕೆಲಸ ಆಗಲಿ.

ನೀರ್ಚಾಲಿನ ಅಮ್ಮ:

ಎಲ್ಲರಿಗೂ ತುಂಬಾ ಧನ್ಯವಾದ. ಟೀಚರ್, ಅಳೆದು ನೋಡಿದೆ. ತಾರಸಿ ಒಂಬತ್ತೂವರೆ ಅಡಿ, ಫ್ಯಾನಿನ ರೆಕ್ಕೆ ಎಂಟೂವರೆಯಲ್ಲಿ. ನೋಡಿದ ಕೂಡಲೇ ಎದೆ ಧಸಕ್ ಎಂದಿತು. ಶನಿವಾರ ವಯರಿಂಗಿನವರು ಬರುತ್ತಾರೆ. ಸೀಲಿಂಗ್ ಫ್ಯಾನ್ ತೆಗೆಸಿ ಗೋಡೆ ಫ್ಯಾನ್ ಹಾಕಿಸುತ್ತೇವೆ.

ಡ್ರಾಯರ್, ಮೆಟ್ಟಿಲು ಬಿಟ್ಟೆವು. ಏಣಿ ಸಾಕು, ಕೆಳಗೆ ಟ್ರಂಕು ತಳ್ಳಿ ಇಡಬಹುದು. ಹಳೆ ಮರಕ್ಕೆ 15 ಸಾವಿರ, ಕೂಲಿ 28, ಹಾಸಿಗೆ, ಫ್ಯಾನ್, ಬಾಡಿಗೆ 17. ಸರಿಯಾಗಿ 60 ಆಗುತ್ತದೆ. ಪಾಲಿಶ್‌ಗೆ ಹಣ ಇಲ್ಲ, ಅದು ಓಣಂ ಬೋನಸ್ ಬಂದ ಮೇಲೆ.

ಹಲಸಿನ ಮರದಲ್ಲಿ ಮಂಚ ಆಗುವುದಿಲ್ಲ ಅಂದಾಗ ಅತ್ತೆಗೆ ಸ್ವಲ್ಪ ಬೇಸರ ಆಯಿತು. ಮೇಜು ಮಾಡಿಸುತ್ತೇವೆ ಎಂದ ಮೇಲೆ ಸಮಾಧಾನ ಆದರು. ಕುಂಬಳೆಯ ಅಣ್ಣ, ಒಂದೇ ಪ್ರಶ್ನೆ ಉಳಿದಿದೆ. ಹಲಗೆಗಳನ್ನು ಈಗ ಒಂದರ ಮೇಲೊಂದು ಹಾಗೇ ಪೇರಿಸಿದ್ದೇವೆ. ನಡುವೆ ರೀಪು (ಸಣ್ಣ ಮರದ ಪಟ್ಟಿ) ತುಂಡು ಇಡಬೇಕಾ?

ಕುಂಬಳೆಯ ಮರಗೆಲಸದವ:

ಖಂಡಿತ ಇಡಬೇಕು, ಇವತ್ತೇ ಇಡಿ. ಎರಡೆರಡು ಅಡಿಗೆ ಒಂದರಂತೆ, ಎಲ್ಲ ಸಾಲಿನಲ್ಲೂ ನೇರ ಒಂದರ ಮೇಲೊಂದು ಬರಲಿ. ಅಡಿಯಲ್ಲಿ ಕಲ್ಲು ಇಟ್ಟು ನೆಲದಿಂದ ಒಂದು ಅಡಿ ಎತ್ತರಿಸಿ. ತುದಿಗಳಿಗೆ ಪೈಂಟ್ ಬಳಿದರೆ ಸೀಳು ಬಿಡುವುದು ಕಡಿಮೆ.